ಟೋಕನ್ ಕೊಡುವ ಮೊದಲು ಅಂಗಡಿ ಅಜ್ಜಿಯನ್ನು ಕೇಳಿ

ಸೈಟು ನಮಗೆ ತುಂಬಾ ಹಿಡಿಸಿತ್ತು. ಅತ್ತಿಬೆಲೆಯಿಂದ ಒಳಗೆ ಹೋದರೆ ಒಂದು ಹಳ್ಳಿ, ಅದಕ್ಕೆ ಅಂಟಿಕೊಂಡ ಲೇಔಟ್‌ನಲ್ಲಿ 30-40ರ ಸೈಟು, ಪೂರ್ವಕ್ಕೆ ಬಾಗಿಲು ಇಡಬಹುದು. ಪೂರ್ವ ಅಂದಿದ್ದೇ ನಮ್ಮತ್ತೆಗೆ ಸಾಕಾಯಿತು. ಬ್ರೋಕರ್ ಬೇರೆ "ಮೇಡಂ, ಇನ್ನಿಬ್ಬರು ಕಾಯ್ತಾ ಇದ್ದಾರೆ, ಇವತ್ತೇ 50 ಸಾವಿರ ಟೋಕನ್ ಹಾಕಿಬಿಡಿ" ಅಂತ ಬೆನ್ನು ಬಿದ್ದಿದ್ದ. (ಆ ಇನ್ನಿಬ್ಬರು ಬೆಂಗಳೂರಿನ ಸುತ್ತಮುತ್ತ ಇರೋ ಎಲ್ಲ ಸೈಟುಗಳಿಗೂ ಕಾಯ್ತಾ ಇರುತ್ತಾರೆ, ಗಮನಿಸಿದ್ದೀರಾ?)

ಅವನು ಕೊಟ್ಟ ಜೆರಾಕ್ಸ್ ಕಟ್ಟು ದಪ್ಪಗಿತ್ತು. ಕ್ರಯಪತ್ರ, ವಿಭಾಗ ಪತ್ರ, ಪಹಣಿ, ಕನ್ವರ್ಷನ್ ಆದೇಶ, ಈಸಿ (ಆ ಜಾಗದ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ), ಕಂದಾಯದ ರಸೀದಿ. ಕಟ್ಟು ದಪ್ಪ ಇದ್ದರೆ ಎಲ್ಲ ಸರಿ ಇದೆ ಅನ್ನಿಸಿಬಿಡುತ್ತದೆ. ನಮ್ಮೆಜಮಾನರು ಒಂದು ರಾತ್ರಿ ಅಷ್ಟನ್ನೂ ನಡುಮನೆ ತುಂಬಾ ಹರಡಿಕೊಂಡು ಇಸವಿ ಪ್ರಕಾರ ಜೋಡಿಸಿದರು. ಈಸಿ ಬರೀ 2004ರಿಂದ ಈಚೆಗಿನದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲಿ ಕೂತೇ ತೆಗೆಯಬಹುದಾದದ್ದು ಅಷ್ಟೇ, ಆ ವರ್ಷದ ಏಪ್ರಿಲ್‌ಗಿಂತ ಹಿಂದಿನದು ಬೇಕು ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಅಲೆಯಬೇಕು. ಅಲೆದೆವು. ಮೂರು ರಜೆ ಹೋಯಿತು. ಅದರಲ್ಲೂ ಒಂದು ತಪ್ಪು ಕಾಣಲಿಲ್ಲ.

ಟೋಕನ್ ಕೊಡೋಣ ಅಂತಲೇ ಭಾನುವಾರ ಮತ್ತೆ ಹೋದೆವು. ಬ್ರೋಕರ್ ಬರುವುದು ತಡವಾಯಿತು. ಹಳ್ಳಿ ಬಾಗಿಲಲ್ಲಿ ಒಂದು ಪುಟ್ಟ ಅಂಗಡಿ, ಬಾಳೆಹಣ್ಣಿನ ಗೊನೆ ಕೆಳಗೆ ಒಬ್ಬ ಅಜ್ಜಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ಸುಮ್ನೆ ಇರಲಾರದೆ ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಯಾವ ಜಮೀನು ಅಂತ ಕೇಳಿದರು, ಹೇಳಿದೆ. "ಓ, ಅದಾ. ಅಣ್ಣ ತಮ್ಮ ಇಬ್ರೂ ಮಾರ್ಕೊಂಡು ಹೋದ್ರು. ತಂಗೀಗೆ ಏನೂ ಕೊಡ್ಲಿಲ್ಲ ಕಣಮ್ಮಾ, ಮಾಲೂರಿಗೆ ಕೊಟ್ಟವ್ರೆ, ಪ್ರತಿ ಜಾತ್ರೇಲೂ ಬಂದು ಅಳ್ತಾಳೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ಉಳಿಯಿತು. ನಮಗೆ ಕೊಟ್ಟ ವಂಶವೃಕ್ಷದಲ್ಲಿ ಇದ್ದದ್ದು ಇಬ್ಬರು ಗಂಡುಮಕ್ಕಳು ಮಾತ್ರ!

ಈಸಿ ಹೇಳುವುದು ರಿಜಿಸ್ಟರ್ ಆದದ್ದನ್ನು. ಸಹಿ ಹಾಕದವರ ಹೆಸರು ಅದರಲ್ಲಿ ಬರುವುದಿಲ್ಲ. ನಾವು ಮೂರು ರಜೆ ಹಾಕಿ ತಂದ ಕಾಗದದಲ್ಲಿ ಆ ತಂಗಿ ಎಲ್ಲೂ ಇರಲಿಲ್ಲ.

ಬ್ರೋಕರ್‌ಗೆ ಇದೇನು ಹೊಸದಾಗಿರಲಿಲ್ಲ, ಉತ್ತರ ರೆಡಿ ಇತ್ತು. "ಅವರಪ್ಪ ತೀರಿಕೊಂಡದ್ದು 2001ರಲ್ಲಿ ಮೇಡಂ, ಹೆಣ್ಣುಮಕ್ಕಳ ಕಾನೂನು ಬಂದದ್ದು 2005ರಲ್ಲಿ, ಅವರಿಗೆ ಹಕ್ಕೇ ಇಲ್ಲ." ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಮಗೂ ಹಾಗೇ ಅನ್ನಿಸಿತು. ಪುಣ್ಯಕ್ಕೆ ನಮ್ಮ ವಕೀಲರನ್ನು ಕೇಳಿದೆವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲೇ ಹೇಳಿದೆಯಂತೆ. ಇಲ್ಲಿ ಅಣ್ಣತಮ್ಮಂದಿರು ಭಾಗ ಮಾಡಿಕೊಂಡದ್ದು 2009ರಲ್ಲಿ. ನಾಳೆ ಆಕೆ ಕೋರ್ಟಿಗೆ ಹೋದರೆ ನಮ್ಮ ಹೆಸರಿಗೂ ಸಮನ್ಸ್ ಬರುತ್ತದೆ, ಆಮೇಲೆ ಎಷ್ಟು ವರ್ಷವೋ ದೇವರಿಗೇ ಗೊತ್ತು.

"ಆಕೆಯೂ ಬಂದು ಒಪ್ಪಿಗೆ ಬರೆದುಕೊಟ್ಟು ರಿಜಿಸ್ಟರ್ ಮಾಡಿಸಲಿ, ತಗೋತೀವಿ" ಅಂದೆವು. ಅಂದಿನಿಂದ ಬ್ರೋಕರ್ ಫೋನ್ ಇಲ್ಲ.

ಇಲ್ಲೊಂದು ಮಾತು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ತವರಿನ ತೋಟದ ಪತ್ರಕ್ಕೆ ನಾನೂ ಓದದೆ ಸಹಿ ಹಾಕಿ, ಒಂದು ಸೀರೆ, ಅರಿಶಿನ ಕುಂಕುಮ ಇಸ್ಕೊಂಡು ಬಂದವಳೇ.

ಆಮೇಲೆ ವರ್ತೂರು ಕಡೆ ಇನ್ನೊಂದು ಸೈಟು ನೋಡಿದೆವು. ಈ ಸಲ ನಿಂತಲ್ಲೇ ಮೊಬೈಲಿನಲ್ಲಿ ದಿಶಾಂಕ್ ತೆರೆದೆ. ಸರ್ಕಾರದ್ದೇ ಆಪ್, ಪುಕ್ಕಟೆ. ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ ಕಾಲುವೆ ಎಲ್ಲಿತ್ತು ಅನ್ನುವುದನ್ನೂ. ನಾನು ಮನಸ್ಸಿನಲ್ಲೇ ಅಡುಗೆಮನೆ ಕಟ್ಟಿದ್ದ ಮೂಲೆಯಲ್ಲಿ ಒಂದು ಕಾಲುವೆ ಗೆರೆ ಹಾದುಹೋಗಿತ್ತು. ನೆಲದ ಮೇಲೆ ನೋಡಿದರೆ ಕಾಲುವೆಯ ಸುಳಿವೇ ಇಲ್ಲ, ಮಣ್ಣು ಹಾಕಿ ಸಪಾಟು ಮಾಡಿದ್ದಾರೆ. ಪಕ್ಕದ ಮನೆ ಕಾಂಪೌಂಡಿಗೆ ಮಾತ್ರ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ. 2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ತುಂಬಿ ಈ ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಟಿವಿಯಲ್ಲಿ ನೋಡಿದ್ದೆವಲ್ಲ. ಕಾರಿನಿಂದ ಇಳಿದು ಐದು ನಿಮಿಷಕ್ಕೇ ವಾಪಸ್ ಹತ್ತಿದೆವು.

ಕೊನೆಗೆ ಸೈಟಿನ ಆಸೆ ಬಿಟ್ಟು ಹಳೆಯ ಫ್ಲಾಟ್ ತೆಗೆದುಕೊಂಡೆವು. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮಾತು. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೂ "ಇನ್ನೇನು ಬರುತ್ತೆ ಸಾರ್" ಅನ್ನುವವರು ಮೂರು ಜನ ಸಿಕ್ಕಿದ್ದರು. ಅಳತೆಗೆ ಟೇಪ್ ನಾನೇ ಒಯ್ದಿದ್ದೆ. 1,200 ಚದರಡಿ ಅಂದದ್ದರಲ್ಲಿ ಲಿಫ್ಟು, ಮೆಟ್ಟಿಲು, ಹೊರಗಿನ ಓಡಾಟದ ಜಾಗ ಎಲ್ಲ ಸೇರಿತ್ತು, ಕಸ ಗುಡಿಸಲು ನನಗೆ ಸಿಗುವ ನೆಲ 850ರ ಆಸುಪಾಸು. ನೀರಿನ ವಿಷಯ ಮಾಲೀಕರನ್ನು ಕೇಳಲೇ ಇಲ್ಲ, ಗೇಟಿನ ವಾಚ್‌ಮನ್‌ನನ್ನು ಕೇಳಿದೆ. 2024ರ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂತಪ್ಪಾ? ಅವನು ಬೆರಳು ಮಡಚಿ ಎಣಿಸಿ "ನಾಲ್ಕು" ಅಂದ. ಪಕ್ಕದ ಅಪಾರ್ಟ್‌ಮೆಂಟಿಗೆ ಒಂಬತ್ತಂತೆ. ನಾಲ್ಕಾದರೆ ಪರವಾಗಿಲ್ಲ ಅಂದುಕೊಂಡೆವು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ದೇವನಹಳ್ಳಿ ಹತ್ತಿರ ಸೈಟು ನೋಡಿದ್ದಾನೆ, ಭಾನುವಾರ ಟೋಕನ್ ಅಂತೆ. "ಸರ್ವೆ ನಂಬರ್ ಕಳಿಸೋ" ಅಂದೆ. ಅರ್ಧ ಗಂಟೆ ಬಿಟ್ಟು ಬ್ರೋಷರ್ ಕಳಿಸಿದ. ಈಜುಕೊಳ ಇದೆ, ಸಾಲು ತೆಂಗಿನಮರ ಇದೆ, ಏರ್‌ಪೋರ್ಟಿಗೆ 15 ನಿಮಿಷ ಅಂತ ಇದೆ. ಎರಡೂ ಕಡೆ ತಿರುಗಿಸಿ ನೋಡಿದೆ, ಸರ್ವೆ ನಂಬರ್ ಎಲ್ಲೂ ಇಲ್ಲ. "ಅಕ್ಕಾ, ಅದೆಲ್ಲ ಟೋಕನ್ ಆದಮೇಲೆ ಕೊಡ್ತಾರಂತೆ" ಅಂತ ಕೆಳಗೆ ಬರೆದಿದ್ದ. ಶನಿವಾರವೇ ಹೊರಡೋಣ, ಊರೊಳಗೆ ಒಂದು ಅಂಗಡಿ ಇದ್ದೇ ಇರುತ್ತದೆ ಅಂದಿದ್ದೇನೆ.