ಮೇಲಿನ ಮನೆಯವರ ಹನ್ನೆರಡು ವಾರ

ಕಳೆದ ತಿಂಗಳು ಒಂದು ಭಾನುವಾರ ಮೇಲಿನ ಮನೆಯವರು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಬೀಗದ ಕೈ. "ಹನ್ನೆರಡು ವಾರ ಇರುವುದಿಲ್ಲ. ಬಾಲ್ಕನಿಯ ಟೊಮೆಟೊ ಗಿಡಕ್ಕೆ ನೀರು ಹಾಕ್ತೀರಾ?" ಎಂದರು. ಜರ್ಮನಿಯ ಈ ನ್ಯೂರೆಂಬರ್ಗಿನ ಜನ ಬೇಸಿಗೆಯಲ್ಲಿ ಹೊರಟರು ಅಂದರೆ ರಜೆಗೇ ಇರಬೇಕು. "ಇಟಲಿನಾ?" ಎಂದೆ. ನಕ್ಕರು. "ಅಲ್ಲ, ಕುಡಿತ ಬಿಡಿಸುವ ಆಸ್ಪತ್ರೆಗೆ. ಪೆನ್ಷನ್ ವಿಮೆಯವರು ಖರ್ಚು ಕೊಡಲು ಒಪ್ಪಿದ್ದಾರೆ, ಕಾಗದ ಬಂತು."

ಮಂಡಿ ಆಪರೇಷನ್ನಿಗೆ ಹೊರಟವರ ಹಾಗೆ ಹೇಳಿದರು. ಪಕ್ಕದಲ್ಲೇ ಇನ್ನಿಬ್ಬರು ಮೆಟ್ಟಿಲು ಇಳಿಯುತ್ತಿದ್ದರೂ ದನಿ ತಗ್ಗಿಸಲಿಲ್ಲ. ತಗ್ಗಿಸಿದ್ದು ನಾನು.

ಕುಡಿತಕ್ಕೂ ಪೆನ್ಷನ್ನಿಗೂ ಏನು ಸಂಬಂಧ? ನನ್ನ ಸಂಬಳದಲ್ಲೂ ಪ್ರತಿ ತಿಂಗಳು 9.3 ಪರ್ಸೆಂಟ್ ಹಿಡಿಯುತ್ತಾರೆ, ಕಂಪನಿ ಅಷ್ಟೇ ಸೇರಿಸುತ್ತದೆ. ಮುದುಕಿಯಾದಾಗ ಸಿಗುತ್ತೋ ಇಲ್ವೋ ಎಂದು ಗೊಣಗುತ್ತಲೇ ಇರುತ್ತೇನೆ. ಅದೇ ದುಡ್ಡಂತೆ. ಮನುಷ್ಯ ಕುಡಿದು ಐವತ್ತಕ್ಕೇ ಕೆಲಸ ಬಿಟ್ಟು ಕೂತರೆ ಬದುಕಿರುವವರೆಗೂ ಪೆನ್ಷನ್ ಕೊಡಬೇಕು. ವಾಸಿ ಮಾಡಿ ಕಳಿಸಿದರೆ ಅವನೇ ಕಂತು ಕಟ್ಟುತ್ತಾನೆ. ದಯೆಗಿಂತ ಲೆಕ್ಕಾಚಾರವೇ ಜಾಸ್ತಿ, ಆದರೆ ಒಳ್ಳೇ ಲೆಕ್ಕಾಚಾರ. ಮೈಯಿಂದ ಮದ್ಯ ಇಳಿಸುವ ಮೊದಲ ಕೆಲವು ದಿನಗಳ ಖರ್ಚು ಆರೋಗ್ಯ ವಿಮೆಯದು, ಆಮೇಲಿನ ವಾರಗಳದ್ದು ಪೆನ್ಷನ್ ವಿಮೆಯದು. ರೋಗಿ ಕೊಡುವುದು ದಿನಕ್ಕೆ 10 ಯೂರೋ, ಅದೂ ಹೆಚ್ಚೆಂದರೆ 42 ದಿನ. ಕುಡಿತದ ಚಟ ಕಾಯಿಲೆ ಎಂದು ಇಲ್ಲಿನ ಕೋರ್ಟು 1968ರಲ್ಲೇ ಹೇಳಿಬಿಟ್ಟಿದೆ. ಹಾಗಂತ ಈ ದೇಶವೇನೂ ಸಾಧುವಲ್ಲ, ಹದಿನಾರು ತುಂಬಿದ ಹುಡುಗ ಅಂಗಡಿಗೆ ಹೋಗಿ ರಾಜಾರೋಷವಾಗಿ ಬೀರ್ ಕೊಳ್ಳಬಹುದು.

ಅವತ್ತು ಗಿಡಕ್ಕೆ ನೀರು ಹಾಕುವಾಗ ನನ್ನ ಚಿಕ್ಕಪ್ಪ ನೆನಪಾದರು. ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುತ್ತಿದ್ದರು. ಮುತ್ತಿನಂಥ ಅಕ್ಷರ. ಆ ಕೈ ನಡುಗಲು ಶುರುವಾದಾಗ ಮನೆಯಲ್ಲಿ ಅದಕ್ಕೆ 'ವೀಕ್‌ನೆಸ್' ಎಂದು ಹೆಸರಿಟ್ಟರು. ನಿಮ್ಹಾನ್ಸಿಗೆ ಕರೆದುಕೊಂಡು ಹೋಗೋಣ ಎಂದರೆ ಅಜ್ಜಿ, "ಹುಚ್ಚಾಸ್ಪತ್ರೆಗಾ?" ಎಂದು ಅತ್ತರು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಮ್ಮ ಹತ್ತಿರದ ಕಲ್ಯಾಣ ಮಂಟಪದಲ್ಲೇ ನಡೆಯಿತು. ಹತ್ತಿರ ಇದ್ದದ್ದೇ ತೊಂದರೆ. ಊರವರೆಲ್ಲ ನೋಡ್ತಾರಲ್ಲ! ಕೊನೆಗೆ ದೂರದ ಯಾವುದೋ ಖಾಸಗಿ ಸೆಂಟರ್. ಚಿಕ್ಕಮ್ಮನ ಅವಲಕ್ಕಿ ಸರ ಸೊಸೈಟಿಯಲ್ಲಿ ಅಡ ಬಿತ್ತು. ಕೇಳಿದವರಿಗೆಲ್ಲ "ಮಂಡಿ ಕೆಲಸದ ಮೇಲೆ ಗುಜರಾತಿಗೆ ಹೋಗಿದ್ದಾರೆ" ಎಂದು ನಾವು ಮಕ್ಕಳೂ ಹೇಳುತ್ತಿದ್ದೆವು. ಸರ ಬಿಡಿಸಲು ಆಗಲಿಲ್ಲ. ತೀರಿಕೊಂಡಾಗಲೂ ಊರಿಗೆ ಹೇಳಿದ್ದು ಕಾಮಾಲೆ ಅಂತಲೇ.

ಹೋದ ವರ್ಷ ಅಪ್ಪನ ಆರೋಗ್ಯ ವಿಮೆ ನವೀಕರಿಸುವಾಗ ಷರತ್ತುಗಳನ್ನು ಓದುತ್ತಿದ್ದೆ. ಯಾವುದಕ್ಕೆ ದುಡ್ಡು ಸಿಗುವುದಿಲ್ಲ ಎಂಬ ಪಟ್ಟಿಯಲ್ಲಿ ಹನ್ನೆರಡನೇ ಸಂಖ್ಯೆ: ಕುಡಿತ, ಮಾದಕ ವಸ್ತು, ಯಾವುದೇ ಚಟದ ಚಿಕಿತ್ಸೆ, ಅದರಿಂದ ಬಂದ ತೊಂದರೆ. ಇತ್ತ ನಮ್ಮ ದೇಶದ್ದೇ 2017ರ ಮಾನಸಿಕ ಆರೋಗ್ಯ ಕಾಯ್ದೆ, ಕುಡಿತದಿಂದ ಬರುವ ಮಾನಸಿಕ ತೊಂದರೆಯನ್ನು ಕಾಯಿಲೆ ಎಂದೇ ಒಪ್ಪುತ್ತದೆ. ಚಿಕ್ಕಪ್ಪ ಇಪ್ಪತ್ತು ವರ್ಷ ಪ್ರತಿ ಕ್ವಾರ್ಟರಿನ ಮೇಲೂ ಸರ್ಕಾರಕ್ಕೆ ಅಬಕಾರಿ ಸುಂಕ ಕಟ್ಟಿದವರು. ಅದೂ ಒಂದು ಥರ ಕಂತೇ ಅಲ್ವಾ?

ಮೊನ್ನೆ ಫೋನಿನಲ್ಲಿ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಅವರ ಹೆಂಡ್ತಿ ಏನೂ ಅಡ ಇಡಬೇಕಾಗಿ ಬರ್ಲಿಲ್ಲ ಅನ್ನು" ಎಂದರು.

"ಇಲ್ಲ ಚಿಕ್ಕಮ್ಮ" ಎಂದೆ. ಆಕೆ ಅವರನ್ನು ಬಿಟ್ಟು ಹೋಗಿ ಆರು ವರ್ಷವಾಯಿತು ಎಂದು ಹೇಳಲು ಬಾಯಿ ಬರಲಿಲ್ಲ.