ಸ್ಪಿತಿಗೆ ಹೋಗೋರು ಕಿನ್ನೌರ್ ಕಡೆಯಿಂದ ನಿಧಾನಕ್ಕೆ ಹತ್ತಿ

ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟು, ಮನಾಲಿಯಿಂದ ಒಂದೇ ದಿನಕ್ಕೆ ಅಲ್ಲಿನ ಮುಖ್ಯ ಊರು ಕಾಜಾ ಮುಟ್ತೀವಿ ಅಂತ ಪ್ಲಾನ್ ಹಾಕಿರೋರು ದಯವಿಟ್ಟು ಇನ್ನೊಂದು ಸಲ ಯೋಚ್ನೆ ಮಾಡಿ. ನಾವು ಮೊದಲನೇ ಸಲ ಹಾಗೇ ಹೋದ್ವಿ. ಮನಾಲಿ ಇರೋದು 2,000 ಮೀಟರ್ ಆಸುಪಾಸು, ದಾರೀಲಿ ಸಿಗೋ ಕುಂಜುಮ್ ಪಾಸ್ 4,500 ದಾಟತ್ತೆ, ಅಷ್ಟು ಎತ್ತರ ಒಂದೇ ದಿನಕ್ಕೆ ಮೈಗೆ ಹೊಂದಲ್ಲ, ಕಾಜಾ ಬರೋ ಹೊತ್ತಿಗೆ ನನ್ನ ತಮ್ಮ ವಾಂತಿ ಮಾಡ್ಕೊಂಡು ಸೀಟಲ್ಲೇ ಮುದುಡಿ ಮಲಗಿದ್ದ, ಆ ರಾತ್ರಿ ಪೂರ್ತಿ ಅವನ ಪಕ್ಕ ಕೂತು ಉಸಿರಾಟ ನೋಡ್ತಾ ಕಳೆದೆ, ಈಗ್ಲೂ ನೆನೆಸ್ಕೊಂಡ್ರೆ ಎದೆ ಝಲ್ ಅನ್ನತ್ತೆ.

ಹೋದ ಸೆಪ್ಟೆಂಬರಲ್ಲಿ ಕಿನ್ನೌರ್ ಜಿಲ್ಲೆ ದಾರಿ ಹಿಡಿದು ಶಿಮ್ಲಾ, ಕಲ್ಪಾ, ನಾಕೋ, ತಾಬೋ ಅಂತ ಒಂದೊಂದು ರಾತ್ರಿ ತಂಗ್ತಾ ಹೋದ್ವಿ, ಯಾರಿಗೂ ಏನೂ ಆಗ್ಲಿಲ್ಲ. ಖಾಬ್ ಹತ್ರ ಸ್ಪಿತಿ ನದಿ ಸಟ್ಲೆಜ್ ಸೇರತ್ತೆ, ಅಲ್ಲಿಂದ ಮುಂದೆ ಮರಗಳೇ ಕಮ್ಮಿಯಾಗ್ತಾ ಬರೀ ಮಣ್ಣು ಕಲ್ಲಿನ ಬೆಟ್ಟ. ಕಾರ್ ಇಲ್ದಿದ್ರೆ ಕಿನ್ನೌರಿನ ಮುಖ್ಯ ಊರು ರೆಕಾಂಗ್ ಪಿಯೋದಿಂದ ಕಾಜಾಗೆ ಸರ್ಕಾರಿ ಬಸ್ಸೂ ಇದೆ. ಜುಲೈ ಆಗಸ್ಟಲ್ಲಿ ಮಾತ್ರ ಕಿನ್ನೌರ್ ರಸ್ತೆ ಬೇಡ, ಮಳೆಗೆ ಗುಡ್ಡ ಕುಸೀತಾನೇ ಇರತ್ತೆ.

ತಾಬೋಗೆ ಅರ್ಧ ದಿನ ಆದ್ರೂ ಕೊಡಿ. 996ರಲ್ಲಿ ಕಟ್ಟಿದ ಗೊಂಪಾ (ಬೌದ್ಧ ಮಠ), ಹೊರಗಿಂದ ನೋಡಿದ್ರೆ ಮಣ್ಣಿನ ಗೋಡೆ ಅಷ್ಟೇ, ಒಳಗೆ ಕಾಲಿಟ್ರೆ ಕತ್ತಲು, ಕಣ್ಣು ಹೊಂದ್ಕೊಂಡ ಮೇಲೆ ಸಾವಿರ ವರ್ಷದ ಹಿಂದಿನ ಮುಖಗಳು ಒಂದೊಂದಾಗಿ ಗೋಡೆಯಿಂದ ಎದ್ದು ಬರ್ತವೆ. ಫೋಟೋ ತೆಗೆಯೋ ಹಾಗಿಲ್ಲ, ಒಂದು ಸಣ್ಣ ಟಾರ್ಚ್ ಇಟ್ಕೊಂಡಿರಿ. ಮೊದಲು ಸ್ಪಿತಿಯ ರಾಜಧಾನಿ ಆಗಿದ್ದ ಧನ್ಕರ್ ಕೂಡ ಅದೇ ದಾರೀಲಿ ಸಿಗತ್ತೆ.

ಕಾಜಾದಲ್ಲೇ ಹೋಟೆಲ್ ಮಾಡಿ ಬೆಳಗ್ಗೆ ಹೋಗಿ ಸಂಜೆ ಬರೋದಕ್ಕಿಂತ ಮೇಲಿನ ಹಳ್ಳೀಲಿ ಎರಡು ದಿನ ಹೋಂಸ್ಟೇಲಿ ಇರಿ. ನಾವು ಲಾಂಗ್ಜಾದಲ್ಲಿದ್ವಿ, 4,000 ಮೀಟರ್ ಮೇಲಿದೆ. ಮನೆ ಅಜ್ಜಿ ಒಲೆಗೆ ಸಗಣಿ ಬೆರಣಿ ಹಾಕಿ ಟೀ ಕಾಯಿಸಿ, ಬಟ್ಟಲಿಗೆ ತ್ಸಂಪಾ ಹಾಕಿ ಬೆರಳಲ್ಲೇ ಕಲಸಿ ಉಂಡೆ ಮಾಡಿ ಕೊಟ್ರು, ಬಾಯಿಗಿಟ್ರೆ ನಮ್ಮ ಹುರಿಹಿಟ್ಟೇ, ರಾಗಿ ಬದಲು ಬಾರ್ಲಿ ಅಷ್ಟೇ. ಹೊಲದ ಪೂರ್ತಿ ಬಾರ್ಲಿ, ಹಸಿ ಬಟಾಣಿ, ಅವರ ವರ್ಷದ ದುಡ್ಡೆಲ್ಲಾ ಆ ಬಟಾಣಿ ಮೇಲೇ. ಜಮೀನು ಹಿರಿಮಗನಿಗೆ, ಚಿಕ್ಕವರು ಗೊಂಪಾಗೆ ಅನ್ನೋದು ಹಳೇ ಪದ್ಧತಿ, ಇರೋ ಚೂರು ಹೊಲ ಹಂಚಿಹೋಗ್ಬಾರ್ದು ಅಂತ. ಟಾಯ್ಲೆಟ್ಟಲ್ಲಿ ನೀರಿರಲ್ಲ, ಮಣ್ಣು ಬೂದಿ ಹಾಕ್ಬೇಕು, ಅದೇ ಮುಂದೆ ಹೊಲಕ್ಕೆ ಗೊಬ್ಬರ, ಹಾಗಾಗಿ ವೆಟ್ ವೈಪ್ಸ್, ಪ್ಯಾಡ್ ಯಾವುದನ್ನೂ ಅದರೊಳಗೆ ಹಾಕ್ಬೇಡಿ.

ಈ ಜಾಗ ಒಂದು ಕಾಲಕ್ಕೆ ಟೆಥಿಸ್ ಸಮುದ್ರದ ತಳ. ಅದಕ್ಕೇ ಲಾಂಗ್ಜಾ ಸುತ್ತ ಸುರುಳಿ ಸುರುಳಿ ಫಾಸಿಲ್ ಸಿಗತ್ತೆ, ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಇಟ್ಟು ಬನ್ನಿ, ಮಾರೋಕೆ ಬಂದ್ರೂ ತಗೋಬೇಡಿ. ಪ್ರತಿಯೊಬ್ಬರೂ ಒಂದೊಂದು ತಂದ್ರೆ ಆ ಬೆಟ್ಟದಲ್ಲಿ ಉಳಿಯೋದೇನು?

ಕ್ಯಾಶ್ ಸಾಕಷ್ಟು ಇಟ್ಕೊಳ್ಳಿ, ಬಿಎಸ್ಸೆನ್ನೆಲ್ ಸಿಮ್ ಒಂದಿರ್ಲಿ, ಪೆಟ್ರೋಲ್ ಕಾಜಾದಲ್ಲೇ ಫುಲ್ ಮಾಡಿಸಿ. ವಾಪಸ್ ಬೇಕಾದ್ರೆ ಚಂದ್ರತಾಲ್ ಸರೋವರ, ಮನಾಲಿ ಕಡೆ ಇಳೀರಿ, ಅಷ್ಟೊತ್ತಿಗೆ ಮೈ ಹೊಂದ್ಕೊಂಡಿರತ್ತೆ. ಚಳಿಗಾಲ ಶುರು ಆಗ್ತಿದ್ದಂಗೆ ಕುಂಜುಮ್ ಹಿಮ ಬಿದ್ದು ಮುಚ್ಚತ್ತೆ, ಹೊರಡೋ ಹಿಂದಿನ ದಿನ ಕಾಜಾದಲ್ಲಿ ಟ್ಯಾಕ್ಸಿ ಓಡಿಸೋರನ್ನ ಒಂದು ಮಾತು ಕೇಳ್ಕೊಂಡೇ ಹೊರಡಿ.