ಸಮುದ್ರದ ಪಕ್ಕದ ರಸ್ತೆ ಅಂದ್ರೆ ಫ್ಲ್ಯಾಟ್ ತಾನೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಬಂಡೆಗಲ್ಲಿನ ಕರಾವಳೀಲಿ ಸೈಕಲ್ ಟೂರ್ ಅಂದ್ರೆ ದಿನಕ್ಕೆ 60-65 ಕಿಲೋಮೀಟರ್ ಸಾಕು ಅಂತ ಹೇಳಿದ ತಕ್ಷಣ ಎಲ್ಲರೂ ಕೇಳೋದು ಇದನ್ನೇ: "ಸಮುದ್ರ ಮಟ್ಟದಲ್ಲೇ ಹೋಗೋದಲ್ವಾ, ಏರು ಎಲ್ಲಿಂದ ಬರತ್ತೆ? ಬಯಲು ದಾರೀಲಿ 120 ತುಳಿಯೋರು ಇಲ್ಲಿ ಯಾಕೆ ಅರ್ಧಕ್ಕೇ ನಿಲ್ಲಿಸ್ತೀರಾ?"

ಉದ್ದಕ್ಕೂ ಮರಳು ದಂಡೆ ಇರೋ ಕರಾವಳಿ ಆದ್ರೆ ನೀವು ಹೇಳೋದು ಸರಿ, ಅಲ್ಲಿ ರಸ್ತೆ ಫ್ಲ್ಯಾಟೇ. ಆದ್ರೆ ಫೋಟೋ ನೋಡಿ ನಾವೆಲ್ಲ ಆಸೆಪಡೋದು ಆ ಥರದ ಕರಾವಳಿಗಲ್ಲ, ಬೆಟ್ಟವೇ ಬಂದು ನೀರಿಗೆ ಬಿದ್ದಿರೋ ಥರದ್ದಕ್ಕೆ. ಅಲ್ಲಿ ಗಟ್ಟಿ ಕಲ್ಲು ಎಷ್ಟು ಅಲೆ ಹೊಡೆದ್ರೂ ಬೇಗ ಸವೆಯಲ್ಲ, ಮುಂದಕ್ಕೆ ಚಾಚಿಕೊಂಡು ಭೂಶಿರ ಆಗಿ ನಿಂತಿರತ್ತೆ, ಮೆದು ಕಲ್ಲು ಕೊರೆದು ಹೋಗಿ ಕೊಲ್ಲಿ ಆಗಿರತ್ತೆ, ಇದರ ಜೊತೆಗೆ ಬೆಟ್ಟದಿಂದ ಇಳಿಯೋ ಒಂದೊಂದು ಹೊಳೇನೂ ಸಮುದ್ರ ಸೇರೋಕೆ ಅಂತ ನಮ್ಮ ದಾರಿಗೆ ಅಡ್ಡವಾಗೇ ಕಣಿವೆ ಕೊರೆದಿರತ್ತೆ. ಹಾಗಾಗಿ ರಸ್ತೆ ಭೂಶಿರ ಹತ್ತಬೇಕು, ಹೊಳೆ ಬಾಯಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಒಂದೇ ಒಂದು ದೊಡ್ಡ ಬೆಟ್ಟ ಇರಲ್ಲ, ಚಿಕ್ಕ ಚಿಕ್ಕವು ಮುಗಿಯೋದೇ ಇಲ್ಲ.

ಇಂಗ್ಲೆಂಡಿನ ನೈರುತ್ಯ ಮೂಲೇಲಿ ಸೌತ್ ವೆಸ್ಟ್ ಕೋಸ್ಟ್ ಪಾಥ್ ಅಂತ ಇದೆ. ನಡೆಯೋರ ದಾರಿ ಅದು, ಆದ್ರೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಉದ್ದ ಸುಮಾರು 1,014 ಕಿಲೋಮೀಟರ್. ಇಡೀ ದಾರೀಲಿ ಅತಿ ಎತ್ತರದ ಜಾಗ ಬರೀ 318 ಮೀಟರ್. ಆದ್ರೂ ಕೊನೇತನಕ ಹತ್ತಿದ್ದನ್ನೆಲ್ಲ ಕೂಡಿಸಿದ್ರೆ 35,000 ಮೀಟರ್ ಆಗತ್ತೆ, ಅಂದ್ರೆ ಹತ್ತಿರ ಹತ್ತಿರ ನಾಲ್ಕು ಎವರೆಸ್ಟ್! ಮ್ಯಾಪಲ್ಲಿ ನೋಡಿದ್ರೆ ನೀಲಿ ಅಂಚಿಗೆ ಅಂಟಿಕೊಂಡಿರೋ ಒಂದು ಗೆರೆ ಅಷ್ಟೇ.

ಸೈಕಲ್ಲಿಗೆ ಬಂದ್ರೆ ಇದರ ಲೆಕ್ಕ ಸುಲಭ. ನೀವು, ಸೈಕಲ್ಲು, ಬ್ಯಾಗು, ನೀರು ಎಲ್ಲ ಸೇರಿ 100 ಕೆಜಿ ಅಂದ್ಕೊಳ್ಳಿ, ದಿನಪೂರ್ತಿ ಆರಾಮಾಗಿ ತುಳಿಯೋ ಸವಾರನ ಶಕ್ತಿ 100 ವ್ಯಾಟ್ ಅಂತಿಟ್ಕೊಳ್ಳಿ. ಆ ತೂಕಾನ 100 ಮೀಟರ್ ಮೇಲಕ್ಕೆ ಎತ್ತೋಕೆ ಮಾತ್ರ 16 ನಿಮಿಷದಷ್ಟು ಶಕ್ತಿ ಬೇಕು. ಅದೇ 16 ನಿಮಿಷದಲ್ಲಿ ಸಮತಟ್ಟು ರಸ್ತೇಲಿ ಸುಮಾರು 5 ಕಿಲೋಮೀಟರ್ ಹೋಗಿರ್ತಿದ್ರಿ. ಇಳಿಜಾರಲ್ಲಿ ಒಂದಿಷ್ಟು ವಾಪಸ್ ಸಿಗತ್ತೆ ಅಂತ ನಾನು 100 ಮೀಟರ್ ಏರಿಗೆ 4 ಕಿಲೋಮೀಟರ್ ಅಂತ ಹಿಡೀತೀನಿ. ಈಗ ನೋಡಿ, 65 ಕಿಲೋಮೀಟರ್ ದಾರೀಲಿ 1,500 ಮೀಟರ್ ಏರು ಇದ್ರೆ 65ಕ್ಕೆ 60 ಸೇರಿ 125 ಆಯ್ತು. ನೀವು ಕೇಳಿದ 120 ಇಲ್ಲೇ ಇದೆ, ನಾವೇನೂ ಕಮ್ಮಿ ತುಳೀತಿಲ್ಲ.

ಇಳಿದಿದ್ದರ ವೇಗದಲ್ಲೇ ಮುಂದಿನ ಏರು ಹತ್ತಬಹುದಲ್ವಾ ಅಂತಲೂ ಕೇಳ್ತಾರೆ. ಬಯಲುಸೀಮೆ ದಿಣ್ಣೆಗಳಲ್ಲಿ ಆಗತ್ತೆ. ಇಲ್ಲಿ ಕಣಿವೆ ತಳದಲ್ಲಿ ಏನಿರತ್ತೆ ಅಂದ್ರೆ ಒಂದು ಕಿರಿದಾದ ಸೇತುವೆ, ಅದರ ಎರಡೂ ತುದೀಲಿ ಕಡಿದಾದ ತಿರುವು, ತಿರುವಲ್ಲಿ ಜಲ್ಲಿ ಪುಡಿ. ಇಳೀತಾ ಸಂಪಾದಿಸಿದ್ದನ್ನೆಲ್ಲ ಬ್ರೇಕಿಗೇ ಕೊಟ್ಟು ಸೇತುವೆ ಮೇಲೆ ಹೆಚ್ಚುಕಮ್ಮಿ ನಿಂತುಬಿಡ್ತೀವಿ, ತಿರುವು ದಾಟಿದ ತಕ್ಷಣ ಗೋಡೆ ಥರ ಏರು ಶುರು. ಗೇರ್ ಇಳಿಸೋ ಕೆಲಸ ತಿರುವಿಗೆ ಮುಂಚೇನೇ ಮುಗಿದಿರಬೇಕು, ಏರಲ್ಲಿ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿದ್ಮೇಲೆ ಲಿವರ್ ಒತ್ತಿದ್ರೆ ಚೈನು ಕಟಕಟ ಅಂತ ಹಲ್ಲಿನ ಮೇಲೆ ಜಾರಾಡತ್ತೆ ಹೊರತು ಕೂರಲ್ಲ, ಆಗ ಕಾಲು ನೆಲಕ್ಕೆ ಇಡಲೇಬೇಕು, ಲಗೇಜ್ ಇರೋ ಸೈಕಲ್ಲನ್ನ ಏರಲ್ಲಿ ಮತ್ತೆ ಶುರು ಮಾಡೋದು ದೊಡ್ಡ ಸಾಹಸ. ಅದಕ್ಕೇ ನನ್ನ ಮಾತು, ಬೇರೆ ಯಾವುದಕ್ಕೆ ದುಡ್ಡು ಉಳಿಸಿದ್ರೂ ಗೇರಿಗೆ ಉಳಿಸಬೇಡಿ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡದರಲ್ಲಿ ಹಲ್ಲು ಜಾಸ್ತಿ ಇರಬೇಕು, ಮುಂದೆ 28 ಅಂದ್ರೆ ಹಿಂದೆ 34 ಥರ.

ಕರಾವಳೀಲಿ ದೊಡ್ಡ ಏರೂ ಇರತ್ತೆ. ಸ್ಕಾಟ್ಲೆಂಡಿನ ಬೆಲಾಖ್ ನ ಬಾ ರಸ್ತೆ ಹೆಚ್ಚುಕಮ್ಮಿ ಸಮುದ್ರ ಮಟ್ಟದಿಂದಲೇ ಹೊರಟು ಸುಮಾರು 9 ಕಿಲೋಮೀಟರಲ್ಲಿ 626 ಮೀಟರ್‌ಗೆ ಹೋಗತ್ತೆ. ನಾರ್ವೇಲಂತೂ ಸಮುದ್ರ ಮಟ್ಟಕ್ಕಿಂತ ಕೆಳಗೂ ಏರು ಇದೆ! ದೇಶದ ಉತ್ತರ ತುದೀಲಿರೋ ನಾರ್ಡ್‌ಕಾಪ್ ಭೂಶಿರಕ್ಕೆ ಹೋಗೋ ದಾರೀಲಿ 1999ರಲ್ಲಿ ತೆರೆದ ಸುರಂಗ ಇದೆ, ಹತ್ತಿರ ಹತ್ತಿರ 7 ಕಿಲೋಮೀಟರ್ ಉದ್ದ, ನಡುವಲ್ಲಿ 212 ಮೀಟರ್ ನೀರಿನ ಕೆಳಗೆ ಇಳಿದು ಮತ್ತೆ ಮೇಲೆ ಬರತ್ತೆ, ಸೈಕಲ್ಲಿಗೂ ಬಿಡ್ತಾರೆ. ಒಳಗೆ ಚಳಿ, ಹಾಗಾಗಿ ಇಳಿಯೋಕೆ ಮುಂಚೆ ಜಾಕೆಟ್ ಹಾಕ್ಕೊಳ್ಳಿ, ಹತ್ತೋವಾಗ ತೆಗೀರಿ, ಇಲ್ಲಾಂದ್ರೆ ಬೆವರಲ್ಲಿ ನೆಂದು ಹೊರಗಿನ ಗಾಳಿಗೆ ನಡುಗ್ತೀರಿ.

ಏರಿಗಿಂತಲೂ ನಾನು ಜಾಸ್ತಿ ಯೋಚನೆ ಮಾಡೋದು ಗಾಳಿ ಬಗ್ಗೆ. ಏರು ಮುಗಿಯತ್ತೆ ಅಂತ ಕಣ್ಣಿಗೆ ಕಾಣತ್ತೆ, ಎದುರುಗಾಳಿ ಯಾವಾಗ ಮುಗಿಯತ್ತೆ ಅಂತ ಯಾರಿಗೂ ಕಾಣಲ್ಲ. ಗಾಳಿ ಇಲ್ಲದಾಗ ಗಂಟೆಗೆ 15 ಕಿಲೋಮೀಟರಲ್ಲಿ ಹೋಗೋ ಸೈಕಲ್ಲಿಗೆ 20ರ ಗಾಳಿ ಎದುರು ಬಂತು ಅನ್ನಿ, ಅದೇ ವೇಗದಲ್ಲಿ ಹೋಗ್ತೀನಿ ಅಂದ್ರೆ ಗಾಳಿಯ ತಡೆ ಐದು ಪಟ್ಟಿಗೂ ಜಾಸ್ತಿ ಆಗತ್ತೆ, ಅದೂ ಎರಡೂ ಕಡೆ ಬ್ಯಾಗ್ ನೇತಾಡ್ತಿರೋವಾಗ ಕೇಳೋದೇ ಬೇಡ. ಅದಕ್ಕೇ ಯಾವ ದಿಕ್ಕಿಂದ ಶುರು ಮಾಡ್ತೀವಿ ಅನ್ನೋದು ಎಷ್ಟು ದಿನದ ಟೂರ್ ಅನ್ನೋದಕ್ಕಿಂತ ಮುಖ್ಯ. ಅಮೆರಿಕದ ಪಶ್ಚಿಮ ಕರಾವಳೀಲಿ ಬೇಸಿಗೇಲಿ ಗಾಳಿ ಹೆಚ್ಚಾಗಿ ವಾಯುವ್ಯದಿಂದ ಬೀಸತ್ತೆ, ಆದ್ದರಿಂದ ಬಹುತೇಕ ಎಲ್ಲರೂ ಕೆನಡಾ ಕಡೆಯಿಂದ ಮೆಕ್ಸಿಕೋ ಕಡೆಗೆ ಇಳೀತಾರೆ. ಅಲ್ಲಿ ವಾಹನ ಬಲಕ್ಕೆ ಓಡೋದ್ರಿಂದ ಸಮುದ್ರಾನೂ ನಮ್ಮ ಪಕ್ಕಾನೇ ಇರತ್ತೆ, ನಿಂತು ನೋಡೋಕೆ ರಸ್ತೆ ದಾಟಬೇಕಿಲ್ಲ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದ್ದು, ವಾಹನ ಎಡಕ್ಕೆ, ಹಾಗಾಗಿ ಅಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದ್ರೆ ಎರಡೂ ಲಾಭ. ಆದ್ರೆ ಅಲ್ಲಿ ಸಮುದ್ರಕ್ಕೆ ಬೆರಳು ಚಾಚಿದಂಗೆ ಪರ್ಯಾಯದ್ವೀಪಗಳಿವೆ, ಪಶ್ಚಿಮದ ತುದಿವರೆಗೆ ಹೋಗೋವಾಗ ಎದುರುಗಾಳಿ, ವಾಪಸ್ ಬರೋವಾಗ ಬೆನ್ನಿಗೆ, ಅಂಥ ದಿನ ಹೋಗೋದಕ್ಕೇ ಮುಕ್ಕಾಲು ಹೊತ್ತು ಇಟ್ಕೊಳ್ಳಿ.

ಇದಲ್ಲದೆ ದಿನದ ಗಾಳಿ ಬೇರೆ. ಬಿಸಿಲೇರಿದ ಹಾಗೆ ನೆಲ ನೀರಿಗಿಂತ ಬೇಗ ಕಾಯತ್ತೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಜೋರಾಗತ್ತೆ. ಕತ್ತಲು ಹರಿದ ತಕ್ಷಣ ಹೊರಡಿ, ಕಷ್ಟದ ಭೂಶಿರಗಳನ್ನ ಊಟಕ್ಕೆ ಮುಂಚೆ ಮುಗಿಸಿ. ಕ್ಯಾಲಿಫೋರ್ನಿಯಾ ಥರ ತಣ್ಣನೆ ನೀರಿನ ತೀರಗಳಲ್ಲಿ ಮಾತ್ರ ಬೆಳಗ್ಗೆ ದಟ್ಟ ಮಂಜು ಕವಿದಿರತ್ತೆ, ಅಲ್ಲಿ ಹಿಂದಿನ ಲೈಟ್ ಹಾಕದೆ ಹೊರಡಲೇಬೇಡಿ.

ಸಮುದ್ರದ ಗಾಳೀಲಿರೋ ಉಪ್ಪಿನ ಬಗ್ಗೆ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಸಂಜೆ ಬಾಟಲಿ ಸಿಹಿನೀರು ಸುರಿದು ಚೈನು, ಗೇರು ತೊಳೆದು, ಒರೆಸಿ, ಎಣ್ಣೆ ಬಿಡಿ. ಹೊರಡೋಕೆ ಮುಂಚೆ ಸೀಟ್ ಪೋಸ್ಟ್ (ಸೀಟನ್ನ ಹಿಡಿದಿರೋ ಕೊಳವೆ) ಪೂರ್ತಿ ಹೊರಗೆ ತೆಗೆದು ಗ್ರೀಸ್ ಹಚ್ಚಿ, ಯಾಕಂದ್ರೆ ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ಇದ್ರೆ ಉಪ್ಪುನೀರು ಸೇರಿ ಎರಡೂ ಕಚ್ಕೊಂಡುಬಿಡತ್ತೆ, ಆಮೇಲೆ ಅದನ್ನ ಬಿಡಿಸೋದು ಮಹಾ ರಗಳೆ.

ಇಷ್ಟೆಲ್ಲ ಕಷ್ಟ ಇದ್ರೆ ಯಾಕೆ ಹೋಗ್ತೀರಾ ಅಂದ್ರೆ, ಆ ಏರುಗಳಿಗೋಸ್ಕರಾನೇ. ಏರಲ್ಲಿ ಗಂಟೆಗೆ 6-7 ಕಿಲೋಮೀಟರಲ್ಲಿ ಹೋಗೋವಾಗ ಬಂಡೆ ಸಂದೀಲಿ ಹಕ್ಕಿ ಗೂಡು ಕಾಣತ್ತೆ, ಕೆಳಗೆ ಅಲೆ ಬಂಡೆಗೆ ಬಡಿದ ಸದ್ದು ಕೇಳತ್ತೆ, ಒಂದು ಕೊಲ್ಲಿಯ ನೀರಿನ ಬಣ್ಣ ಇನ್ನೊಂದಕ್ಕಿಲ್ಲ ಅನ್ನೋದು ಗೊತ್ತಾಗತ್ತೆ. ಫ್ಲ್ಯಾಟ್ ರಸ್ತೇಲಿ ಇದು ಸಿಗಲ್ಲ, ಕಾರಲ್ಲಂತೂ ಇಲ್ಲವೇ ಇಲ್ಲ.

ಮೊದಲ ಸಲ ಎಲ್ಲಿಗೆ ಹೋಗಲಿ ಅಂತ ಕೇಳಿದ್ರೆ ನಾನು ಹೇಳೋದು ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯ. ಬೇಸಿಗೇಲಿ ಬೆನ್ನಿಗೆ ಗಾಳಿ, ಸ್ಟೇಟ್ ಪಾರ್ಕ್‌ಗಳಲ್ಲಿ ನಡೆದು ಅಥವಾ ಸೈಕಲ್ಲಲ್ಲಿ ಬಂದವರಿಗೇ ಅಂತ ಟೆಂಟ್ ಜಾಗ ಇಟ್ಟಿರ್ತಾರೆ, ಆರ್ಚ್ ಕೇಪ್ ಸುರಂಗದ ಬಾಯಲ್ಲಿ ಒಂದು ಬಟನ್ ಇದೆ, ಅದನ್ನ ಒತ್ತಿದ್ರೆ ಒಳಗೆ ಸೈಕಲ್ ಇದೆ ಅಂತ ಡ್ರೈವರ್‌ಗಳಿಗೆ ಲೈಟ್ ಮಿನುಗತ್ತೆ. ಬಟನ್ ಒತ್ತಿ, ಹಿಂದಿಂದ ಬರೋ ಗಾಡಿಗಳು ಹೋಗೋವರೆಗೆ ಕಾದು, ಆಮೇಲೆ ಒಳಗೆ ಹೋಗಿ.